ತೋಟದ ತಲೆಗಿರುವ ಜಡ್ಡಿಗೆ ಹಿಟಾಚಿ ಇಳಿಸಬೇಕೇ?

ಪ್ರಶ್ನೆ: ಸಾಗರ ತಾಲ್ಲೂಕಿನ ಪಶ್ಚಿಮದ ಅಂಚಿನಲ್ಲಿ, ಶರಾವತಿ ಕಣಿವೆಯ ಕಡೆ ನಮಗೆ 2 ಎಕರೆ ಅಡಿಕೆ ತೋಟವಿದೆ. ತೋಟದ ತಲೆಗೆ ಸುಮಾರು 20 ಗುಂಟೆ ಜಡ್ಡಿ, ಎಂದರೆ ಮರ ತುಂಬಿದ ಜೌಗು ನೆಲ. ಕಾಲಿಟ್ಟರೆ ಮೊಣಕಾಲಿನವರೆಗೆ ಹೂಳುತ್ತದೆ. ಬೇರುಗಳು ಕೆಸರಿನಿಂದ ಮೇಲೆದ್ದು, ಬಾಗಿ, ಮತ್ತೆ ಒಳಗೆ ಹೋಗಿವೆ. ಮರಕ್ಕೆ ಕತ್ತಿ ತಗುಲಿದರೆ ಕೆಂಪು ರಸ ಒಸರುತ್ತದೆ. ಅಪ್ಪಯ್ಯ ಇರುವಷ್ಟು ಕಾಲ, ಅಲ್ಲಿ ಚೌಡಿ ಇದ್ದಾಳೆಂದು ಸೊಪ್ಪು ಕೊಯ್ಯಲೂ ಬಿಡಲಿಲ್ಲ. ಈಗ ಹಿಸ್ಸೆಯಾಗಿ ಅದು ನನ್ನ ಪಾಲಿಗೆ ಬಂದಿದೆ. ಮೂರು ವರ್ಷಗಳಿಂದ ಬೇಸಿಗೆಯಲ್ಲಿ ನೀರು ಸಾಲುತ್ತಿಲ್ಲ. ಜಡ್ಡಿಯ ಕೆಳಗಿನ ಗುಂಡಿಗೆ ಮೋಟಾರು ಹಾಕಿ ಸ್ಪ್ರಿಂಕ್ಲರ್ ಬಿಟ್ಟರೆ ಮುಕ್ಕಾಲು ಗಂಟೆಯಲ್ಲಿ ಗುಂಡಿ ಖಾಲಿ. ಹೋಳಿ ಹುಣ್ಣಿಮೆಯ ಹೊತ್ತಿಗೆ ಜಡ್ಡಿಯ ಬಾಯಲ್ಲಿ 20 ಲೀಟರಿನ ಬಕೆಟ್ ತುಂಬಲು ಒಂದು ನಿಮಿಷ ಬೇಕಾಯಿತು. ಆ ಮರಗಳೇ ನೀರು ಕುಡಿಯುತ್ತವೆ, ಹಿಟಾಚಿ ತರಿಸಿ ಕಪ್ಪು (ನೀರು ಬಸಿಯುವ ಕಾಲುವೆ) ಹೊಡೆದು ನಡುವೆ ಒಂದು ಹೊಂಡ ತೆಗೆದರೆ ನೀರೂ ಸಿಗುತ್ತದೆ, ಉಳಿದ ಜಾಗಕ್ಕೆ ಅಡಿಕೆಯೂ ಆಗುತ್ತದೆ ಎನ್ನುವುದು ನನ್ನ ಭಾವನ ಲೆಕ್ಕ. ಸೊಳ್ಳೆ, ಮಂಗನ ಕಾಯಿಲೆ ಎರಡೂ ಅಲ್ಲಿಂದಲೇ ಬರುತ್ತವೆ ಎಂದು ಮನೆಯಲ್ಲಿ ಹೆದರುತ್ತಾರೆ. ಕಣಿವೆಯಲ್ಲಿ ಸರ್ಕಾರವೇ ಸುರಂಗ ಕೊರೆಯಲು ಹೊರಟಿರುವಾಗ ನಾನೊಬ್ಬ 20 ಗುಂಟೆ ಉಳಿಸಿದರೆ ಏನಾದೀತು ಎಂಬ ಪ್ರಶ್ನೆಯೂ ಇದೆ. ಕೊನೆಯದಾಗಿ, ಮಳೆಗಾಲದ ರಾತ್ರಿ ಅಲ್ಲಿಂದ ಯಾರೋ ಮರ ಕುಟ್ಟಿದಂತೆ ‘ಟೊಕ್ ಟೊಕ್’ ಎಂಬ ಸದ್ದು ಬರುತ್ತದೆ. ಮಗಳಿಗೆ ಅದೇನೆಂದು ಹೇಳುವುದು?

ಉತ್ತರ: ಪತ್ರದಲ್ಲಿ ನೀವು ಐದಾರು ಸಂಗತಿಗಳನ್ನು ಕೇಳಿದ್ದೀರಿ. ಆದರೆ ಎಲ್ಲದರ ಬುಡದಲ್ಲಿರುವ ಚಿಂತೆ ಬೇಸಿಗೆಯ ನೀರಿನದು. ಅದು ಬಗೆಹರಿದರೆ ನಿಮ್ಮ ಭಾವನವರ ಹಿಟಾಚಿಗೆ ಅಲ್ಲಿ ಕೆಲಸವೇ ಉಳಿಯುವುದಿಲ್ಲ. ನೀವು ಬಕೆಟ್ ಹಿಡಿದು ಅಳೆದಿರುವುದು ಒಳ್ಳೆಯದಾಯಿತು. ಇಂಥ ಪ್ರಶ್ನೆ ಕೇಳುವವರಲ್ಲಿ ಹೆಚ್ಚಿನವರು ನೀರು ಕಡಿಮೆ ಎನ್ನುತ್ತಾರೆಯೇ ಹೊರತು ಎಷ್ಟು ಕಡಿಮೆ ಎಂದು ಹೇಳುವುದಿಲ್ಲ. ಹಾಗಾಗಿ ಮರ, ಕಪ್ಪೆ, ಚೌಡಿಗಳ ವಿಷಯಕ್ಕೆ ಹೋಗುವ ಮೊದಲು ನಿಮ್ಮ ಬಕೆಟ್ಟಿನ ಲೆಕ್ಕವನ್ನೇ ಪೂರ್ತಿ ಮಾಡೋಣ.

ನಿಮಿಷಕ್ಕೆ 20 ಲೀಟರ್ ಎಂದರೆ ದಿನಕ್ಕೆ 28,800 ಲೀಟರ್. 9 ಅಡಿ ಅಂತರದಲ್ಲಿ ನೆಟ್ಟ 2 ಎಕರೆ ತೋಟದಲ್ಲಿ ಹೆಚ್ಚುಕಡಿಮೆ 1,080 ಮರಗಳಿರುತ್ತವೆ. ಹನಿ ನೀರಾವರಿಯಾದರೆ ಬೇಸಿಗೆಯಲ್ಲಿ ಒಂದು ಅಡಿಕೆ ಮರಕ್ಕೆ ದಿನಕ್ಕೆ 16ರಿಂದ 20 ಲೀಟರ್ ಸಾಕೆಂಬುದು ಕೃಷಿ ವಿಜ್ಞಾನಿಗಳ ಶಿಫಾರಸು; ಅಂದರೆ ಇಡೀ ತೋಟಕ್ಕೆ 17,000ದಿಂದ 22,000 ಲೀಟರ್. ಹೋಳಿ ಹುಣ್ಣಿಮೆಯ ಹೊತ್ತಿಗೂ ಜಡ್ಡಿ ನಿಮ್ಮ ತೋಟಕ್ಕೆ ಬೇಕಾದದ್ದಕ್ಕಿಂತ ಹೆಚ್ಚು ನೀರನ್ನು ಕೊಡುತ್ತಲೇ ಇತ್ತು. ಆದರೆ ಅದು 24 ಗಂಟೆಯೂ ಸಣ್ಣಗೆ ಕೊಡುತ್ತದೆ, ನೀವು ಹಗಲು ಮುಕ್ಕಾಲು ಗಂಟೆ ಮೋಟಾರು ಹಾಕಿ ಗುಂಡಿಯಲ್ಲಿ ನಿಂತಷ್ಟನ್ನು ಮಾತ್ರ ಎತ್ತುತ್ತೀರಿ. ರಾತ್ರಿಯ 12 ಗಂಟೆಗಳಲ್ಲಿ ಬಂದ 14,400 ಲೀಟರ್‌ನಲ್ಲಿ ಗುಂಡಿಗೆ ಹಿಡಿಸಿದಷ್ಟು ಬಿಟ್ಟು ಉಳಿದದ್ದೆಲ್ಲ ನೀವು ಮಲಗಿರುವಾಗ ಹಳ್ಳಕ್ಕೆ ಹರಿದುಹೋಗಿರುತ್ತದೆ. ನಿಮಗೆ ಕೊರತೆಯಿರುವುದು ಒರತೆಯದ್ದಲ್ಲ, ಹಿಡಿದಿಟ್ಟುಕೊಳ್ಳುವ ಜಾಗದ್ದು. ಏಪ್ರಿಲ್ ಕೊನೆಯ ಹೊತ್ತಿಗೆ ಹರಿವು ಅರ್ಧಕ್ಕೆ ಇಳಿದರೆ ಎಲ್ಲ ಮರಗಳಿಗೂ ದಿನವೂ ಪೂರ್ತಿ ನೀರು ಸಿಗುವುದಿಲ್ಲ ಎನ್ನುವುದು ನಿಜ. ಆಗ ತೋಟವನ್ನು ಎರಡು ಭಾಗ ಮಾಡಿ ದಿನ ಬಿಟ್ಟು ದಿನ ಬಿಡಬೇಕಾಗುತ್ತದೆ.

ಈಗ ಜಡ್ಡಿಗೆ ಬರೋಣ. ಬಾಗಿ ಮೇಲೆದ್ದ ಬೇರು, ಕೆಂಪು ರಸ, ಬೇಸಿಗೆಯಲ್ಲೂ ಆರದ ಕಪ್ಪು ಕೆಸರು, ಈ ಮೂರೂ ಒಟ್ಟಿಗಿದ್ದರೆ ಅದು ರಾಮಪತ್ರೆ ಜಡ್ಡಿಯಾಗಿರುವ ಸಾಧ್ಯತೆ ಬಹಳ ಹೆಚ್ಚು. ವಿಜ್ಞಾನಿಗಳು ಇದನ್ನು ಮಿರಿಸ್ಟಿಕಾ ಜೌಗು ಎನ್ನುತ್ತಾರೆ. ತೀರ್ಥಹಳ್ಳಿ, ಶೃಂಗೇರಿ ಕಡೆಯವರು ಇಂಥ ಹಸಿ ತಗ್ಗನ್ನು ಹಡ್ಲು ಎಂದು ಕರೆಯುವುದುಂಟು. ಪಶ್ಚಿಮ ಘಟ್ಟದಲ್ಲಿ ಜಾಯಿಕಾಯಿ ಕುಟುಂಬದ ಐದು ಜಾತಿಯ ಮರಗಳಿವೆ. ರಾಮಪತ್ರೆ, ಕಾಡು ಜಾಯಿಕಾಯಿ, ರಕ್ತಮರ ಈ ಮೂರು ಗಟ್ಟಿ ನೆಲದಲ್ಲೂ ಬೆಳೆಯಬಲ್ಲವು. ಉಳಿದೆರಡು, ಎಂದರೆ ಮಿರಿಸ್ಟಿಕಾ ಮ್ಯಾಗ್ನಿಫಿಕಾ ಮತ್ತು ಜಿಮ್ನಾಕ್ರಾಂಥೆರಾ, ಜೌಗನ್ನೇ ನೆಚ್ಚಿಕೊಂಡವು. ಮರದ ಬುಡದಿಂದ ಊರುಗೋಲುಗಳಂತೆ ಬೇರು ಇಳಿದಿದ್ದರೆ ಅದು ಮ್ಯಾಗ್ನಿಫಿಕಾ ಎಂದುಕೊಳ್ಳಬಹುದು. ಕೆಸರಿನಲ್ಲಿ ಅಲ್ಲಲ್ಲಿ ಮಡಿಚಿದ ಮೊಣಕಾಲಿನಂತೆ ಬೇರು ಎದ್ದು ನಿಂತಿದ್ದರೆ ಜಿಮ್ನಾಕ್ರಾಂಥೆರಾ ಇರಬಹುದು. ಆ ಮೊಣಕಾಲು ಬೇರನ್ನು ಒಮ್ಮೆ ಹತ್ತಿರದಿಂದ ನೋಡಿ. ತೊಗಟೆಯ ಮೇಲೆ ಸಾಸಿವೆಯಷ್ಟು ಸಣ್ಣ ಗಂಟುಗಳಿರುತ್ತವೆ. ಕೆಸರಿನೊಳಗೆ ಗಾಳಿ ಇಲ್ಲದಿರುವುದರಿಂದ ಮರ ಉಸಿರಾಡುವುದು ಅಲ್ಲಿಂದ. ಹೊಂಡ ತೆಗೆದ ಮಣ್ಣನ್ನು ಪಕ್ಕಕ್ಕೆ ಸುರಿದು ಈ ಬೇರುಗಳನ್ನು ಮುಚ್ಚಿದರೆ, ಮರಕ್ಕೆ ಕೊಡಲಿ ತಾಗಿಸದೆಯೂ ಅದು ಕೆಲವು ವರ್ಷಗಳಲ್ಲಿ ತುದಿಯಿಂದ ಒಣಗುತ್ತಾ ಬರುತ್ತದೆ. ಮನೆಯವರು ಏನೋ ರೋಗ ಬಂತೆಂದುಕೊಳ್ಳುತ್ತಾರೆ.

ಈ ಮರಗಳು ನೀರು ಕುಡಿಯುವುದಿಲ್ಲವೇ ಎಂದರೆ, ಖಂಡಿತ ಕುಡಿಯುತ್ತವೆ. ನಿತ್ಯಹರಿದ್ವರ್ಣದ ಮರ ಬೇಸಿಗೆಯಲ್ಲೂ ಎಲೆ ಹೊತ್ತು ನಿಂತಿರುತ್ತದೆ, ಎಲೆಯಿಂದ ನೀರು ಆವಿಯಾಗುತ್ತದೆ. ಕಾಡಿನ ಮೇಲಿನ ಪ್ರೀತಿಗೆ ಇದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಭಾವನವರ ಲೆಕ್ಕದಲ್ಲಿ ಎರಡು ಅಂಕಿಗಳು ಬಿಟ್ಟುಹೋಗಿವೆ. ಮರ ತೆಗೆದ ಕೂಡಲೇ ಕಪ್ಪು ಕೆಸರಿನ ಮೇಲೆ ನೇರ ಬಿಸಿಲು ಬೀಳುತ್ತದೆ ಎನ್ನುವುದು ಒಂದು. ಇನ್ನೊಂದು, 20 ಗುಂಟೆಯಲ್ಲಿ ನೆಟ್ಟ 270 ಅಡಿಕೆ ಗಿಡಗಳೂ ನೀರು ಕೇಳುತ್ತವೆ. ಮೇಲಿನ ಲೆಕ್ಕದಲ್ಲೇ ಅದು ದಿನಕ್ಕೆ 5,000 ಲೀಟರಿನ ಆಸುಪಾಸಿಗೆ ಬರುತ್ತದೆ. ನೀರು ಸಾಲದ ತೋಟಕ್ಕೆ ಇನ್ನಷ್ಟು ಮರ ಸೇರಿಸಿದ ಹಾಗಾಯಿತು.

ಜಡ್ಡಿಯ ನೀರು ಎಲ್ಲಿಂದ ಬರುತ್ತದೆ ಎನ್ನುವುದು ತಿಳಿದರೆ ಕಪ್ಪು ಹೊಡೆಯುವುದರ ಪರಿಣಾಮವೂ ತಿಳಿಯುತ್ತದೆ. ಮಳೆಗಾಲದಲ್ಲಿ ಮೇಲಿನ ಗುಡ್ಡ ಕುಡಿದ ನೀರು ಜಂಬಿಟ್ಟಿಗೆಯ ಸಂದುಗಳಲ್ಲಿ ನಿಧಾನವಾಗಿ ಇಳಿದು, ಗುಡ್ಡದ ಕಾಲಿನಲ್ಲಿ ನೆಲದ ಮಟ್ಟಕ್ಕೆ ಬಂದು ಒಸರುತ್ತದೆ. ಅಲ್ಲಿ ತಲೆತಲಾಂತರದಿಂದ ಬಿದ್ದ ಎಲೆ ಕೊಳೆತು ಆದ ಕಪ್ಪು ಮಣ್ಣು, ನೆನೆಸಿದ ಗೋಣಿಯಂತೆ ಆ ನೀರನ್ನು ಹಿಡಿದು ಹನಿಹನಿಯಾಗಿ ಬಿಡುತ್ತದೆ. ನಡುವೆ ಮೂರು ಅಡಿ ಆಳದ ಕಪ್ಪು ಹೊಡೆದರೆ ಆ ಗೋಣಿಯನ್ನು ಹಿಂಡಿದಂತೆ: ಮೊದಲು ಧಾರಾಳವಾಗಿ ನೀರು ಬರುತ್ತದೆ. ಜನ ಮೋಸಹೋಗುವುದು ಇಲ್ಲಿಯೇ. ಸುತ್ತಲಿನ ನೆಲದ ನೀರಿನ ಮಟ್ಟ ಕಪ್ಪಿನ ತಳದವರೆಗೆ ಇಳಿಯುತ್ತದೆ, ಕಪ್ಪು ಮಣ್ಣು ಒಣಗಿ ಕುಗ್ಗುತ್ತದೆ, ಬಿರುಕು ಬಿಡುತ್ತದೆ. ಬಳಿಕ ಪ್ರತಿ ಮಳೆಗಾಲದಲ್ಲೂ ಕಪ್ಪಿನ ತಲೆ ಕೊರೆಯುತ್ತಾ ಮೇಲಕ್ಕೆ ಸರಿಯುತ್ತದೆ.

ಇದನ್ನು ನಾನು ಕಂಡದ್ದು ನಮ್ಮ ಮನೆಯಲ್ಲೇ. ನಮ್ಮ ದೊಡ್ಡಪ್ಪ ಇಂಥದೇ ಒಂದು ಜಡ್ಡಿಗೆ ಆಳುಗಳನ್ನು ಹಚ್ಚಿ ಕಪ್ಪು ತೆಗೆಸಿದ್ದರು. ಅಲ್ಲಿಂದ ಅಡಿಕೆ ದಬ್ಬೆಯ (ಸೀಳಿದ ಅಡಿಕೆ ಮರದ) ಮೇಲೆ ಹರಿದು ಹಿತ್ತಲಿಗೆ ಬರುತ್ತಿದ್ದ ಅಬ್ಬಿ ನೀರು ಆ ವರ್ಷ ಹಂಡೆಯಾಚೆಗೆ ಚಿಮ್ಮುವಷ್ಟು ಜೋರಾಗಿತ್ತು, ಊರವರೆಲ್ಲ ಬಂದು ನೋಡಿದರು. ಎರಡು ವರ್ಷ ಬಿಟ್ಟು ಅದು ಯುಗಾದಿಗೆ ನಿಂತಿತು, ಐದನೆಯ ವರ್ಷ ಶಿವರಾತ್ರಿಗೇ ನಿಂತಿತು. ದೊಡ್ಡಮ್ಮ ಹಂಡೆಯ ಮೇಲೆ ಬಾಗಿದ ಒಣ ದಬ್ಬೆಯನ್ನು ತೆಗೆಸದೆ ಬಹಳ ದಿನ ಹಾಗೆಯೇ ಇಟ್ಟುಕೊಂಡಿದ್ದರು. ನಾನು ಅರಣ್ಯಶಾಸ್ತ್ರ ಓದಲು ಹೋದದ್ದಕ್ಕೂ ಆ ದಬ್ಬೆಗೂ ಸಂಬಂಧವಿದೆ, ಆದರೆ ಅದು ಇಲ್ಲಿಗೆ ಬೇಡ.

ಹಾಗಿದ್ದರೆ ಜಡ್ಡಿಯನ್ನು ಮುಟ್ಟದೆಯೂ ನಿಮ್ಮಲ್ಲಿ ಮೂರು ವರ್ಷಗಳಿಂದ ನೀರು ಇಳಿದದ್ದೇಕೆ? ಉತ್ತರವನ್ನು ಜಡ್ಡಿಯಲ್ಲಿ ಹುಡುಕದೆ ಅದರ ಮೇಲಿನ ಗುಡ್ಡದಲ್ಲಿ ಹುಡುಕಬೇಕು. ಅಲ್ಲಿ ಇತ್ತೀಚೆಗೆ ರಸ್ತೆ ಕಡಿದಿದ್ದಾರೆಯೇ, ಮರ ಬೋಳಿಸಿದ್ದಾರೆಯೇ, ಯಾರಾದರೂ ಹೊಸದಾಗಿ ಬೋರ್‌ವೆಲ್ ಕೊರೆಸಿದ್ದಾರೆಯೇ, ಬೆಟ್ಟದ ದರಗನ್ನು (ಉದುರಿದ ಒಣ ಎಲೆಗಳನ್ನು) ಪ್ರತಿ ವರ್ಷ ನೆಲ ಕಾಣುವಂತೆ ಗುಡಿಸಿ ತೋಟಕ್ಕೆ ತರುತ್ತಿದ್ದೀರಾ ಎಂದು ಒಮ್ಮೆ ನಡೆದು ನೋಡಿ. ದರಗಿಲ್ಲದ ನೆಲದ ಮೇಲೆ ಮಲೆನಾಡಿನ ಮಳೆ ನೇರವಾಗಿ ಬಡಿದರೆ ನೀರು ಇಂಗುವುದಕ್ಕಿಂತ ಓಡುವುದೇ ಹೆಚ್ಚು. ದರಗು ತರುವುದನ್ನು ಪೂರ್ತಿ ನಿಲ್ಲಿಸಿ ಎಂದು ಅಡಿಕೆ ತೋಟದವರಿಗೆ ಹೇಳುವ ಧೈರ್ಯ ನನಗಿಲ್ಲ. ಆದರೆ ಬೆಟ್ಟವನ್ನು ಮೂರು ಪಾಲು ಮಾಡಿ ವರ್ಷಕ್ಕೊಂದು ಪಾಲಿನಲ್ಲಿ ಮಾತ್ರ ಗುಡಿಸಿದರೆ ನೆಲಕ್ಕೆ ಎರಡು ವರ್ಷ ಬಿಡುವು ಸಿಗುತ್ತದೆ. ಇಂಗುಗುಂಡಿ ತೆಗೆಯಿರೆಂಬ ಸಲಹೆ ನಿಮಗೆ ಖಂಡಿತ ಬರುತ್ತದೆ. ಇಳಿಜಾರು ಸಣ್ಣದಿದ್ದಲ್ಲಿ ಸಣ್ಣ ಗುಂಡಿಗಳಿಂದ ಲಾಭವಿದೆ. ಕಡಿದಾದ ಗುಡ್ಡಕ್ಕೆ ಅಡ್ಡಲಾಗಿ ಉದ್ದುದ್ದ ಟ್ರೆಂಚ್ ಹೊಡೆಸಲು ಮಾತ್ರ ಹೋಗಬೇಡಿ. ನೆನೆದ ಮಣ್ಣು ಭಾರವಾಗಿ ಗುಡ್ಡವೇ ಜಾರಿದರೆ ಏನಾಗುತ್ತದೆ ಎಂಬುದನ್ನು 2018ರಲ್ಲಿ ಕೊಡಗಿನಲ್ಲಿ ಕಂಡಿದ್ದೇವೆ.

ಕಾಯಿಲೆಗಳ ವಿಷಯದಲ್ಲಿ ಮನೆಯವರ ಹೆದರಿಕೆ ಸುಳ್ಳಲ್ಲ, ಬೆರಳು ತೋರಿಸುವ ದಿಕ್ಕು ತಪ್ಪು. ಮಂಗನ ಕಾಯಿಲೆಯ ವೈರಾಣು 1957ರಲ್ಲಿ ಪತ್ತೆಯಾದದ್ದು ನಮ್ಮ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ, ಹಾಗಾಗಿ ಕಾಡೆಂದರೆ ಕಾಯಿಲೆ ಎಂಬ ನೆನಪು ಇಲ್ಲಿ ಆಳವಾಗಿದೆ. ಅದು ಹರಡುವುದು ಉಣುಗಿನಿಂದ. ಎಳೆಯ ಉಣುಗುಗಳು ಹೆಚ್ಚಾಗಿ ಒಣ ತಿಂಗಳುಗಳಲ್ಲಿ, ನೆಲದ ದರಗಿನಲ್ಲಿ ಇರುತ್ತವೆ. ದೊಡ್ಡ ಉಣುಗುಗಳು ಕಾಡಿಗೆ ಮೇಯಲು ಹೋದ ದನಗಳ ಮೈಮೇಲೆ ಬೆಳೆಯುತ್ತವೆ. ಅಂದರೆ ನಿಮ್ಮ ಮನೆಯವರಿಗೆ ಅಪಾಯ ಹೆಚ್ಚಿರುವುದು ನವೆಂಬರಿನಿಂದ ಮೇ ತಿಂಗಳವರೆಗೆ ಬೆಟ್ಟದಲ್ಲಿ ದರಗು ಗುಡಿಸುವಾಗ, ಸೌದೆ ತರುವಾಗ. ಜಡ್ಡಿಯನ್ನು ಅಗೆದುಹಾಕಿದರೆ ಆ ಅಪಾಯ ಕಡಿಮೆಯಾಗುವುದಿಲ್ಲ. ಉಣುಗು ಹತ್ತದಂತೆ ಆರೋಗ್ಯ ಇಲಾಖೆ ಕೊಡುವ ಡೀಪಾ ತೈಲವನ್ನು ಕೈಕಾಲಿಗೆ ಹಚ್ಚಿಕೊಂಡು ಹೋಗುವುದು, ಬಂದ ಕೂಡಲೇ ಬಿಸಿನೀರಿನಲ್ಲಿ ಸೋಪು ಹಚ್ಚಿ ಮೀಯುವುದು, ಎಲ್ಲಾದರೂ ಮಂಗ ಸತ್ತು ಬಿದ್ದಿದ್ದರೆ ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೆ ತಿಳಿಸುವುದು, ಇವು ಕೆಲಸಕ್ಕೆ ಬರುವ ದಾರಿಗಳು.

ಸೊಳ್ಳೆಯ ವಿಷಯ ಇನ್ನೂ ಸರಳ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆಯಿಡುವುದು ಅಲ್ಲಲ್ಲಿ ನಿಂತ ಸ್ವಲ್ಪ ತಿಳಿನೀರಿನಲ್ಲಿ. ಮೀನು, ಕೊಡತಿ ಹುಳಗಳ ಮರಿ, ಕಪ್ಪೆಯ ಮರಿ ತುಂಬಿದ ಹರಿಯುವ ಜಡ್ಡಿ ಅದಕ್ಕೆ ಹೇಳಿಮಾಡಿಸಿದ ಜಾಗವಲ್ಲ. ಮಳೆಗಾಲದಲ್ಲಿ ನಿಮ್ಮ ತೋಟದಲ್ಲಿ ಬಿದ್ದು ಬೋಗುಣಿಯಂತೆ ನೀರು ಹಿಡಿದ ಅಡಿಕೆ ಹಾಳೆಗಳನ್ನು ಎತ್ತಿ ಮಗುಚಿ ನೋಡಿ. ಸೊಳ್ಳೆಯ ಮರಿಗಳು ಅಲ್ಲಿ ಕುಣಿಯುತ್ತಿರುತ್ತವೆ.

ಕಪ್ಪು ಹೊಡೆದರೆ ಕಳೆದುಕೊಳ್ಳುವುದು ನೀರೊಂದನ್ನೇ ಅಲ್ಲ. ನಿಮ್ಮಲ್ಲಿಂದ ಬಹಳ ದೂರವಲ್ಲದ ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನ ಜಡ್ಡಿಗಳಲ್ಲಿ, ಕಾಡುಗೇರಿನ ಕುಲಕ್ಕೆ ಸೇರಿದ ಒಂದು ಮರವನ್ನು ಹೊಸ ಜಾತಿಯೆಂದು 2000ನೇ ಇಸವಿಯಲ್ಲಿ ಗುರುತಿಸಿ ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್ ಎಂದು ಹೆಸರಿಟ್ಟರು. ಇಷ್ಟೆತ್ತರದ ಮರವೊಂದು ಹೆಸರಿಲ್ಲದೆ ಅಷ್ಟು ಕಾಲ ಅಲ್ಲಿ ನಿಂತಿತ್ತು ಎನ್ನುವುದೇ ಈ ಜಾಗಗಳನ್ನು ನಾವು ಎಷ್ಟು ಕಡಿಮೆ ನೋಡಿದ್ದೇವೆ ಎಂಬುದನ್ನು ಹೇಳುತ್ತದೆ. ಜಡ್ಡಿಯ ಮರಗಳ ಬೀಜದ ಸುತ್ತ ಇರುವ ಕೆಂಪು ಪತ್ರೆಗಾಗಿ ಮಂಗಟ್ಟೆ ಹಕ್ಕಿ ಬರುತ್ತದೆ, ಬೀಜವನ್ನು ಇಡಿಯಾಗಿ ನುಂಗಿ ಬೇರೆಲ್ಲೋ ಕೂತು ಕಕ್ಕುತ್ತದೆ. ಸಿಂಗಳೀಕವೂ ಈ ಹಣ್ಣುಗಳನ್ನು ತಿನ್ನುತ್ತದೆ. ಸಿಂಗಳೀಕ ಎಂದ ಕೂಡಲೇ ತೋಟ ಹಾಳುಮಾಡುವ ಕೋತಿಯನ್ನು ನೆನೆಯಬೇಡಿ. ಎಳೆ ಅಡಿಕೆ ಕಿತ್ತೆಸೆಯುವುದು, ಬಾಳೆಗೊನೆಗೆ ಕೈಹಾಕುವುದು ಹೆಚ್ಚಾಗಿ ಸಾಮಾನ್ಯ ಮಂಗ ಮತ್ತು ಮುಸಿಯ. ಸಿಂಗಳೀಕ ದಟ್ಟ ಕಾಡಿನ ಮರದ ತುದಿಯಲ್ಲೇ ಬದುಕುವ ಪ್ರಾಣಿ. ಹಲಸಿನ ಕಾಲದಲ್ಲಿ ತೋಟದ ಅಂಚಿಗೆ ಬರುವುದುಂಟು, ಅಷ್ಟೆ. ಅದನ್ನು ಉಳಿಸಬೇಕೆಂದೇ 2019ರಲ್ಲಿ ಶರಾವತಿ ಕಣಿವೆಯ ಸುಮಾರು 930 ಚದರ ಕಿಲೋಮೀಟರ್ ಪ್ರದೇಶವನ್ನು ಸಿಂಗಳೀಕ ಅಭಯಾರಣ್ಯವೆಂದು ಘೋಷಿಸಲಾಗಿದೆ.

ಚೌಡಿಯ ವಿಷಯವನ್ನು ನಾನು ಮಿಥ್ಯೆಗಳ ಪಟ್ಟಿಗೆ ಸೇರಿಸಲಾರೆ. ನಮ್ಮ ಕಡೆ ಉಳಿದಿರುವ ಎಷ್ಟೋ ಕಾನುಗಳು (ದಟ್ಟ ಹಸಿರು ಕಾಡುಗಳು), ನೀರಿನ ತಲೆಗಳು ಒಂದು ಚೌಡಿಗೋ ಭೂತಕ್ಕೋ ನಾಗನಿಗೋ ಸೇರಿದ ಕಾರಣಕ್ಕೇ ಉಳಿದಿವೆ. ನಿಮ್ಮ ಅಪ್ಪಯ್ಯನವರು ಅಲ್ಲಿ ಕತ್ತಿ ಹಾಕಲು ಬಿಡದೆ ನಿಮಗೆ ಕೊಟ್ಟುಹೋದದ್ದು ದಿನಕ್ಕೆ 28,800 ಲೀಟರ್.

ಇನ್ನು ಏನು ಮಾಡಬಹುದು ಎನ್ನುವುದು. ಹಣ ಹಾಕುವುದಿದ್ದರೆ ಜಡ್ಡಿಯ ಕೆಳಗೆ, ಎಂದರೆ ನೀರು ಅದರ ಬಾಯಿಯಿಂದ ತಾನಾಗಿ ಹೊರಬಿದ್ದ ಮೇಲೆ, 15,000 ಲೀಟರ್ ಹಿಡಿಯುವ ಒಂದು ತೊಟ್ಟಿ ಕಟ್ಟಿಸಿ. ರಾತ್ರಿಯ ನೀರು ಅದರಲ್ಲಿ ನಿಲ್ಲಲಿ. ತೊಟ್ಟಿಗೆ ನೀರು ತರುವ ಪೈಪನ್ನು ಕೆಸರಿನೊಳಗೆ ಹೂಳದೆ ಹರಿಯುವ ನೀರಿನ ಮಟ್ಟಕ್ಕೇ ಇಡಬೇಕು, ಮತ್ತು ಹಳ್ಳಕ್ಕೆ ಸ್ವಲ್ಪವಾದರೂ ನೀರು ಯಾವಾಗಲೂ ಹೋಗುತ್ತಿರಬೇಕು. ಕೆಳಗಿನ ತೋಟದವರೊಂದಿಗೆ ಜಗಳ ತಪ್ಪುವುದಕ್ಕೂ ಅದು ಒಳ್ಳೆಯದು. ತೋಟಕ್ಕೆ ಸ್ಪ್ರಿಂಕ್ಲರ್ ಬದಲು ಹನಿ ನೀರಾವರಿ ಹಾಕಿಸಿ. ಇದರಲ್ಲೊಂದು ತೊಡಕಿದೆ, ಅಂಗಡಿಯವರು ಇದನ್ನು ಹೇಳುವುದಿಲ್ಲ. ಜಡ್ಡಿಯ ನೀರಿನಲ್ಲಿ ಕಬ್ಬಿಣದ ಅಂಶ ಇರುತ್ತದೆ, ಗಾಳಿ ತಾಗಿದ ಕೂಡಲೇ ಅದು ಕೆಂಪು ಲೋಳೆಯಾಗಿ ಕಟ್ಟಿಕೊಳ್ಳುತ್ತದೆ. ಜಡ್ಡಿಯ ಬಾಯಲ್ಲಿ ಎಣ್ಣೆ ತೇಲಿದಂತೆ ಕಾಣುವ ಬಣ್ಣಬಣ್ಣದ ಪೊರೆಯೂ ಅದರದ್ದೇ. ಈ ಲೋಳೆ ಒಂದೇ ಬೇಸಿಗೆಯಲ್ಲಿ ಡ್ರಿಪ್ಪಿನ ತೂತುಗಳನ್ನು ಮುಚ್ಚಿಬಿಡುತ್ತದೆ. ಆದ್ದರಿಂದ ತೊಟ್ಟಿಗೆ ಮೊದಲು ಒಂದು ಸಣ್ಣ ತಿಳಿಗುಂಡಿ, ಆಮೇಲೆ ಮರಳಿನ ಫಿಲ್ಟರ್ ಇರಲೇಬೇಕು, ಮತ್ತು ಹದಿನೈದು ದಿನಕ್ಕೊಮ್ಮೆ ಲೈನಿನ ತುದಿ ಬಿಚ್ಚಿ ನೀರು ಹೊಡೆಯಬೇಕು. ತೊಟ್ಟಿ, ಡ್ರಿಪ್ಪು ಎರಡೂ ಸೇರಿದರೆ ಹಿಟಾಚಿಯ ಬಾಡಿಗೆಗಿಂತ ಖರ್ಚು ಖಂಡಿತ ಹೆಚ್ಚು.

ಜಡ್ಡಿಯಿಂದ ಆದಾಯವೂ ಬರಬೇಕೆಂದರೆ ರಾಮಪತ್ರೆಗೆ ಮಾರುಕಟ್ಟೆಯಿದೆ, ಬಿದ್ದ ಕಾಯಿಯನ್ನು ಹೆಕ್ಕಿ ಪತ್ರೆ ಬಿಡಿಸಿ ಒಣಗಿಸಬಹುದು. ಎಲ್ಲವನ್ನೂ ಹೆಕ್ಕಬೇಡಿ, ಕಾಯಿಗಾಗಿ ಕೊಂಬೆ ಕಡಿಯಲು ಯಾರಿಗೂ ಬಿಡಬೇಡಿ. ಈ ಮರಗಳಲ್ಲಿ ಗಂಡು ಬೇರೆ, ಹೆಣ್ಣು ಬೇರೆ. ಕಾಯಿ ಬಿಡದ ಮರವೆಂದು ಗಂಡು ಮರಗಳನ್ನು ಕಡಿದರೆ ಉಳಿದವೂ ಬಂಜೆಯಾಗುತ್ತವೆ. ರಾಮಪತ್ರೆಯ ಸಸಿಗೆ ಜಾಯಿಕಾಯಿಯ ಕಸಿ ಕಟ್ಟಿ ತೋಟದಲ್ಲಿ ಬೆಳೆಸುವವರೂ ಇದ್ದಾರೆ, ಅದು ಒಳ್ಳೆಯ ದಾರಿ. ಜಡ್ಡಿಯ ಮರಗಳಿಗೆ ಕಾಳುಮೆಣಸು ಹಬ್ಬಿಸುವ ಯೋಚನೆ ಮಾತ್ರ ಬೇಡ. ಬುಡದಲ್ಲಿ ನೀರು ನಿಂತರೆ ಮೆಣಸಿಗೆ ಸೊರಗು ರೋಗ ತಪ್ಪಿದ್ದಲ್ಲ. ಅಡಿಕೆಗೂ ನಿಂತ ನೀರು ಆಗದು, ಹಾಗಾಗಿಯೇ ಭಾವನವರು ಮೊದಲು ಕಪ್ಪಿನ ಮಾತೆತ್ತಿದ್ದು.

ಜಡ್ಡಿಗೆ ದನ ನುಗ್ಗದಂತೆ ಬೇಲಿ ಹಾಕಿದರೆ ಸಸಿಗಳು ತಾವಾಗಿ ಏಳುತ್ತವೆ. ನೀವೇ ಸಸಿ ಮಾಡುವುದಾದರೆ ಹಣ್ಣು ಬಿರಿದು ಬಿದ್ದ ಕೆಲವೇ ದಿನಗಳಲ್ಲಿ ಬೀಜವನ್ನು ನೆರಳಿನಲ್ಲಿ, ಒದ್ದೆ ಮಣ್ಣಿನಲ್ಲಿ ಊರಬೇಕು. ಭತ್ತ, ಹೆಸರಿನಂತೆ ಒಣಗಿಸಿ ಡಬ್ಬಿಯಲ್ಲಿಟ್ಟರೆ ಒಂದೂ ಹುಟ್ಟುವುದಿಲ್ಲ. ಒಮ್ಮೆ ಒಣಗಿದ ಜಡ್ಡಿಯನ್ನು ಮತ್ತೆ ನೆಟ್ಟು ಮಾಡುವುದು ಅಷ್ಟು ಕಷ್ಟವಾಗುವುದಕ್ಕೆ ಇದೂ ಒಂದು ಕಾರಣ. ಈ ಉತ್ತರ ತಲುಪುವ ಮೊದಲೇ ಒಂದೆರಡು ಕಪ್ಪು ಹೊಡೆದಾಗಿದ್ದರೆ ಗಾಬರಿಯಾಗಬೇಡಿ. ಒಮ್ಮೆಲೇ ಮುಚ್ಚದೆ, ಮಳೆಗಾಲಕ್ಕೆ ಮೊದಲು ಅಲ್ಲಲ್ಲಿ ಕಲ್ಲು ಮತ್ತು ಅಲ್ಲಿಯದೇ ಮಣ್ಣಿನಿಂದ ಮೆಟ್ಟಿಲು ಮೆಟ್ಟಿಲಾಗಿ ತಡೆ ಕಟ್ಟುತ್ತಾ ಬಂದರೆ ನೀರಿನ ಮಟ್ಟ ನಿಧಾನವಾಗಿ ಮೇಲೇರುತ್ತದೆ.

ಪಹಣಿಯನ್ನೂ ಒಮ್ಮೆ ತೆಗೆದು ನೋಡಿ. ಆ 20 ಗುಂಟೆ ನಿಮ್ಮ ಖಾತೆ ಜಮೀನೇ, ಅಥವಾ ತೋಟಕ್ಕೆ ಸೊಪ್ಪು, ದರಗು ತರಲೆಂದು ಬಿಟ್ಟ ಸರ್ಕಾರಿ ಕಾನು ಅಥವಾ ಸೊಪ್ಪಿನಬೆಟ್ಟವೇ ಎಂಬುದರ ಮೇಲೆ ಬಹಳಷ್ಟು ನಿಂತಿದೆ. ಹಿಂದಿನ ಮೈಸೂರು ಪ್ರಾಂತ್ಯದ ಕಾನು ಮತ್ತು ಸೊಪ್ಪಿನಬೆಟ್ಟಗಳಲ್ಲಿ ನಮಗಿರುವುದು 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 79ನೇ ಕಲಮಿನಡಿಯ ಸೌಲಭ್ಯ ಮಾತ್ರ, ಒಡೆತನವಲ್ಲ. ಹಿಸ್ಸೆಯ ಪತ್ರದಲ್ಲಿ ಅಣ್ಣತಮ್ಮಂದಿರು ಹಂಚಿಕೊಂಡರೂ ಸರ್ಕಾರದ ಲೆಕ್ಕದಲ್ಲಿ ಅದು ಬದಲಾಗುವುದಿಲ್ಲ, ಅಲ್ಲಿ ಅಗೆದು ತೋಟ ಮಾಡಿದರೆ ಮೊಕದ್ದಮೆಗೆ ದಾರಿಯಾಗುತ್ತದೆ. ಖಾತೆ ಜಮೀನೇ ಆಗಿದ್ದರೂ ಮರ ಕಡಿಯಲು 1976ರ ವೃಕ್ಷ ಸಂರಕ್ಷಣಾ ಕಾಯ್ದೆಯಂತೆ ಅನುಮತಿ ಬೇಕಾಗಬಹುದು. ಜಡ್ಡಿಯ ವಿಷಯ ಹೊರಗೆ ಗೊತ್ತಾದರೆ ಇಲಾಖೆಯವರು ಜಮೀನನ್ನೇ ಕಸಿದುಕೊಂಡಾರು ಎಂಬ ಭಯ ಅನೇಕರಿಗಿದೆ. ಗ್ರಾಮ ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿಯ ದಾಖಲಾತಿಯಲ್ಲಿ ನಿಮ್ಮ ಜಡ್ಡಿಯ ಹೆಸರು ಸೇರಿದ ಮಾತ್ರಕ್ಕೆ ಖಾತೆ ಬದಲಾಗುವುದಿಲ್ಲ. ಅದು ಏನಿದೆ ಎಂಬುದರ ಪಟ್ಟಿ. ನಿಮ್ಮ ತಾಲ್ಲೂಕಿನದೇ ಅಂಬಾರಗುಡ್ಡ ಜೀವವೈವಿಧ್ಯ ಪಾರಂಪರಿಕ ತಾಣವಾಗಿ ಘೋಷಣೆಯಾಗಿದೆ. ಅದು ಬೇರೆಯೇ ಪ್ರಕ್ರಿಯೆ, ಒಬ್ಬರ 20 ಗುಂಟೆಗೆ ಅದರ ಅಗತ್ಯವೂ ಇಲ್ಲ.

ಸುರಂಗದ ಮಾತಿಗೆ ನನ್ನಲ್ಲಿ ಸಮಾಧಾನದ ಉತ್ತರವಿಲ್ಲ. ಮೇಲೆ ತಲಕಳಲೆ, ಕೆಳಗೆ ಗೇರುಸೊಪ್ಪೆ, ಈ ಎರಡು ಜಲಾಶಯಗಳ ನಡುವೆ ನೀರನ್ನು ಇಳಿಸಿ ಏರಿಸುವ 2,000 ಮೆಗಾವಾಟಿನ ಪಂಪ್ಡ್ ಸ್ಟೋರೇಜ್ ಯೋಜನೆ ಅದೇ ಅಭಯಾರಣ್ಯದೊಳಗೆ ಬರುತ್ತದೆ. ಅಂಥ ಕಡೆ ಗುಡ್ಡ ಕೊರೆಯಲು ಹೊರಟು, ರೈತನಿಗೆ ಮಾತ್ರ ಮರ ಕಡಿಯಬೇಡ ಎಂದರೆ ಅವನಿಗೆ ಸಿಟ್ಟು ಬರುವುದು ಸಹಜ, ನನಗೂ ಬರುತ್ತದೆ. ಆದರೆ ನಿಮ್ಮ ಜಡ್ಡಿಯ ನೀರು ಇಳಿದುಬರುವುದು ನಿಮ್ಮ ಮೇಲಿನ ಗುಡ್ಡದಿಂದ, ಹೋಗುವುದು ನಿಮ್ಮ ತೋಟಕ್ಕೆ. ಕಣಿವೆಯ ಇನ್ನೊಂದು ತುದಿಯಲ್ಲಿ ಯಾರು ಏನು ನಿರ್ಧರಿಸಿದರೂ ಮುಂದಿನ ಏಪ್ರಿಲಿನಲ್ಲಿ ನಿಮ್ಮ ಬಕೆಟ್ ತುಂಬಲು ಎಷ್ಟು ಹೊತ್ತು ಬೇಕೆಂಬುದು ಈ 20 ಗುಂಟೆಯಲ್ಲಿ ಮತ್ತು ಅದರ ಮೇಲಿನ ಗುಡ್ಡದಲ್ಲೇ ನಿರ್ಧಾರವಾಗುತ್ತದೆ. ಆ ಅಳತೆಯನ್ನು ನಿಲ್ಲಿಸಬೇಡಿ. ದೀಪಾವಳಿಯಿಂದ ಮೊದಲ ಮಳೆಯವರೆಗೆ, ಹದಿನೈದು ದಿನಕ್ಕೊಮ್ಮೆ, ಒಂದೇ ಹೊತ್ತಿಗೆ ಅಳೆದು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಿ. ಭಾವನವರೊಂದಿಗೆ ಮಾತಾಡುವಾಗ ನನ್ನ ಈ ಉದ್ದದ ಉತ್ತರಕ್ಕಿಂತ ಆ ಕ್ಯಾಲೆಂಡರ್ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಮಗಳ ‘ಟೊಕ್ ಟೊಕ್’ ಬಹುಶಃ ಕುಂಬಾರ ಕಪ್ಪೆ. ಸದ್ದು ಕೇಳದೆ ಖಚಿತವಾಗಿ ಹೇಳಲಾಗದು, ಆದರೆ ಜಾಗ, ಕಾಲ, ನೀವು ಕೊಟ್ಟ ವರ್ಣನೆ ಎಲ್ಲವೂ ಹೊಂದುತ್ತವೆ. ಕತ್ತಲೆಕಾನಿನ ಕಡೆಯ ಈ ಕಪ್ಪೆಗೆ 2014ರಲ್ಲಿ ವಿಜ್ಞಾನದ ಹೆಸರಿಟ್ಟಾಗ ಅದರಲ್ಲೂ ನಮ್ಮ ಕುಂಬಾರನನ್ನೇ ಉಳಿಸಿಕೊಂಡರು: ನಿಕ್ಟಿಬಟ್ರಾಕಸ್ ಕುಂಬಾರ. ಹೆಣ್ಣು ನೀರಿನ ಮೇಲೆ ಬಾಗಿದ ಕಡ್ಡಿಗೋ ಬೇರಿಗೋ ಮೊಟ್ಟೆ ಅಂಟಿಸಿ ಹೋದ ಮೇಲೆ ಗಂಡು ಮುಂಗೈಯಲ್ಲಿ ಕೆಸರು ಬಾಚಿ ಮೊಟ್ಟೆಗಳಿಗೆ ಮೆತ್ತುತ್ತದೆ, ಮತ್ತೆ ಇಳಿಯುತ್ತದೆ, ಮತ್ತೆ ಬಾಚುತ್ತದೆ, ಪೂರ್ತಿ ಮುಚ್ಚುವವರೆಗೆ. ಮಳೆ ಚೆನ್ನಾಗಿ ಹಿಡಿದ ಮೇಲೆ ಒಂದು ರಾತ್ರಿ ಮಗಳನ್ನು ಕರೆದುಕೊಂಡು ಜಡ್ಡಿಯ ಅಂಚಿನವರೆಗೆ ಹೋಗಿ. ಒಳಗೆ ತುಳಿಯಬೇಡಿ, ಟಾರ್ಚಿಗೆ ಕೆಂಪು ಕಾಗದ ಸುತ್ತಿಕೊಳ್ಳಿ, ಸದ್ದು ನಿಂತರೆ ಬೆಳಕು ಆರಿಸಿ ಐದು ನಿಮಿಷ ಸುಮ್ಮನಿರಿ, ಮತ್ತೆ ಶುರುವಾಗುತ್ತದೆ. ಮೊಬೈಲಿನಲ್ಲಿ ಒಂದು ನಿಮಿಷ ಅದನ್ನು ರೆಕಾರ್ಡ್ ಮಾಡಿ ನನಗೆ ಕಳುಹಿಸಿದರೆ ಹೌದೋ ಅಲ್ಲವೋ ಹೇಳುತ್ತೇನೆ. ನೀರಿನಿಂದ ಗೇಣು ಮೇಲೆ, ಕಡ್ಡಿಯೊಂದರಲ್ಲಿ ಒದ್ದೆ ಮಣ್ಣಿನ ಸಣ್ಣ ಮುದ್ದೆ ಕಂಡರೆ ಮಗಳಿಗೆ ತೋರಿಸಿ. ಕೈಹಾಕುವುದು ಬೇಡ, ಅದರೊಳಗೆ ಮೊಟ್ಟೆಗಳಿರುತ್ತವೆ.